ಸೆಂಟರ್ ಸ್ಪೀಕರ್ ಆರಿಸುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೋಮ್ ಥಿಯೇಟರ್ ಕಟ್ಟಲು ಹೊರಟವರು ನನ್ನ ಹತ್ತಿರ ಜಾಸ್ತಿ ಕೇಳುವುದು ಸಬ್‌ವೂಫರ್, ಅಂದರೆ ತೀರಾ ತಗ್ಗು ಸ್ವರದ ಸ್ಪೀಕರ್ ಬಗ್ಗೆ. ಕಟ್ಟಿ ಆರು ತಿಂಗಳಾದವರು ಕೇಳುವುದು ಸೆಂಟರ್, ಅಂದರೆ ಎಡ-ಬಲದ ನಡುವೆ ಕೂತು ಮಾತು ನುಡಿಸುವ ಸ್ಪೀಕರ್ ಬಗ್ಗೆ. "ಎಲ್ಲಾ ಚೆನ್ನಾಗಿದೆ, ಮಾತೇ ಸರಿಯಾಗಿ ಕೇಳಿಸಲ್ಲ" ಅನ್ನುವುದು ಅವರ ದೂರು. ಪತ್ರದಲ್ಲಿ, ಫೋನಿನಲ್ಲಿ, ಹರಟೆಯಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಶುರುವಿನವು ಮೊದಲು, ಅಳತೆ-ಲೆಕ್ಕದವು ಕೊನೆಗೆ.

## ಈಗಷ್ಟೇ ಶುರು ಮಾಡುವವರಿಗೆ

ಎಡ-ಬಲ ಒಳ್ಳೇ ಸ್ಪೀಕರ್ ಇದೆ. ಸೆಂಟರ್ ಬೇಕೇ ಬೇಕಾ?

ಒಬ್ಬರೇ ನೋಡುವುದಾದರೆ, ಅದೂ ಸರಿಯಾಗಿ ನಡುವೆ ಕೂತು, ಬೇಕೇ ಬೇಕು ಅಂತೇನಿಲ್ಲ. ಎಡ-ಬಲ ಎರಡರಿಂದಲೂ ಒಂದೇ ಮಾತು ಒಟ್ಟಿಗೆ ಬಂದರೆ ಅದು ಪರದೆಯ ನಡುವಿನಿಂದ ಬಂದ ಹಾಗೆ ಕೇಳುತ್ತದೆ. ಸ್ಪೀಕರುಗಳಿಗೆಲ್ಲ ಶಬ್ದ ಹಂಚುವ ರಿಸೀವರ್‌ನಲ್ಲಿ "ಸೆಂಟರ್ ಇಲ್ಲ" ಅಂತ ಆರಿಸಿದರೆ ಸೆಂಟರಿನ ಪಾಲಿನ ಶಬ್ದವನ್ನು ಅದು ಎಡ-ಬಲಕ್ಕೆ ಹಂಚುತ್ತದೆ. ಇದಕ್ಕೆ ಫ್ಯಾಂಟಮ್ ಸೆಂಟರ್ ಅಂತಾರೆ.

ತೊಂದರೆ ಶುರುವಾಗುವುದು ಎರಡನೆಯವರು ಬಂದು ಕೂತಾಗ. ಎಡಕ್ಕೆ ಕೂತವರಿಗೆ ಎಡ ಸ್ಪೀಕರಿನ ಶಬ್ದ ಮೊದಲು ಮುಟ್ಟುತ್ತದೆ. ಕಿವಿ ಮೊದಲು ಬಂದದ್ದನ್ನೇ ನಂಬುತ್ತದೆ. ನಟಿ ಪರದೆಯ ನಡುವೆ ನಿಂತಿದ್ದರೂ ಮಾತು ಎಡ ಮೂಲೆಯಿಂದ ಬರುತ್ತದೆ. ನಡುವೆ ಕೂತವರಿಗೂ ಒಂದು ಸಣ್ಣ ನಷ್ಟ ಇದೆ. ಎಡ ಸ್ಪೀಕರಿನ ಶಬ್ದ ಬಲ ಕಿವಿಗೆ ಸುಮಾರು 0.25 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಬಲದ್ದು ಎಡ ಕಿವಿಗೂ ಹಾಗೇ. ಅದರಿಂದ 2,000 ಹರ್ಟ್ಜ್ ಆಸುಪಾಸು ಶಬ್ದ ಸ್ವಲ್ಪ ತಗ್ಗುತ್ತದೆ. ವ್ಯಂಜನಗಳು ಬಿಡಿಬಿಡಿಯಾಗಿ ಕೇಳಬೇಕಾದರೆ ಬೇಕಾಗುವ ಜಾಗವೇ ಅದು.

ನಡುವೆ ಒಂದು ಸ್ಪೀಕರ್ ಬೇಕು ಅನ್ನುವುದು ಹಳೆಯ ತಿಳಿವಳಿಕೆ. 1933ರಲ್ಲಿ ಅಮೆರಿಕದ ದೂರವಾಣಿ ಸಂಶೋಧನಾಲಯ ಬೆಲ್ ಲ್ಯಾಬ್ಸ್ ಫಿಲಡೆಲ್ಫಿಯಾದ ಆರ್ಕೆಸ್ಟ್ರಾವನ್ನು ವಾಷಿಂಗ್ಟನ್‌ನ ಸಭಾಂಗಣಕ್ಕೆ ತಂತಿಯ ಮೇಲೆ ಕಳಿಸಿ ಕೇಳಿಸಿದಾಗಲೇ ಮೂರು ಚಾನೆಲ್ ಬಳಸಿತ್ತು: ಎಡ, ನಡು, ಬಲ. ಮನೆಗಳಿಗೆ ಸೆಂಟರ್ ಬಂದದ್ದು 1987ರ ಡಾಲ್ಬಿ ಪ್ರೊ ಲಾಜಿಕ್ ಅನ್ನುವ ಸರೌಂಡ್ ತಂತ್ರದ ಜೊತೆ. ಈಗಿನ ಸಿನಿಮಾಗಳಲ್ಲಿ ಸೆಂಟರಿಗೆ ತನ್ನದೇ ಪ್ರತ್ಯೇಕ ಟ್ರ್ಯಾಕ್ ಇರುತ್ತದೆ, ಮಾತುಗಳಲ್ಲಿ ಹೆಚ್ಚಿನ ಪಾಲು ಬರುವುದು ಅದರಲ್ಲೇ.

ಸದ್ಯಕ್ಕೆ ಕೈಯಲ್ಲಿರೋ ಸೌಂಡ್‌ಬಾರನ್ನೇ ಸೆಂಟರ್ ಮಾಡಿಕೊಳ್ಳಬಹುದಾ?

ಬೇಡ. ಸೌಂಡ್‌ಬಾರ್ ತನ್ನೊಳಗೇ ಶಬ್ದವನ್ನು ಸಂಸ್ಕರಿಸುತ್ತದೆ, ಅದಕ್ಕೆ ತನ್ನದೇ ಆದ ತಡ ಇರುತ್ತದೆ. ಎಡ-ಬಲದ ಜೊತೆ ತಾಳ ಕೂಡುವುದಿಲ್ಲ. ಸೆಂಟರ್ ಕೊಳ್ಳುವ ತನಕ ಫ್ಯಾಂಟಮ್‌ನಲ್ಲೇ ಇರಿ, ಅದೇ ಉತ್ತಮ.

ದುಡ್ಡು ಎಲ್ಲಿ ಜಾಸ್ತಿ ಹಾಕಲಿ, ಎಡ-ಬಲಕ್ಕಾ ಸೆಂಟರಿಗಾ?

ಮೂರನ್ನೂ ಒಂದೇ ಎಂದು ನೋಡಿ. ನಿಮ್ಮ ಸಮಯದಲ್ಲಿ ಮುಕ್ಕಾಲು ಪಾಲು ಸಿನಿಮಾ, ಧಾರಾವಾಹಿ ಆಗಿದ್ದರೆ ಸೆಂಟರನ್ನು ಕೊನೆಗೆ ಉಳಿದ ಚಿಲ್ಲರೆಯಲ್ಲಿ ಕೊಳ್ಳಬೇಡಿ. ನನ್ನನ್ನು ಕೇಳಿದರೆ ಹಿಂದಿನ ಸರೌಂಡ್ ಸ್ಪೀಕರುಗಳನ್ನು ಒಂದು ವರ್ಷ ಮುಂದಕ್ಕೆ ಹಾಕಿ, ಮುಂದಿನ ಮೂರನ್ನು ಸರಿಯಾಗಿ ತಗೊಳ್ಳಿ. ಸಂಗೀತವೇ ಜಾಸ್ತಿ ಕೇಳುವವರಾದರೆ ಎಡ-ಬಲಕ್ಕೆ ಒಲವು ಇರಲಿ.

ಬೇರೆ ಕಂಪನಿ ಸೆಂಟರ್ ಹಾಕಿದ್ರೆ ಏನಾಗುತ್ತೆ?

ಒಂದು ಕಾರು ಪರದೆಯ ಎಡದಿಂದ ಬಲಕ್ಕೆ ಹೋಗುತ್ತದೆ ಅಂದುಕೊಳ್ಳಿ. ಎಡ ಸ್ಪೀಕರಿನಲ್ಲಿ ಗಡಸಾಗಿ ಕೇಳಿದ ಎಂಜಿನ್ ನಡುವೆ ಬಂದಾಗ ಮೂಗಿನಲ್ಲಿ ಮಾತಾಡಿದ ಹಾಗಾಗಿ, ಬಲಕ್ಕೆ ಹೋದಾಗ ಮತ್ತೆ ಗಡಸಾಗುತ್ತದೆ. ನಡೆಯುತ್ತಾ ಮಾತಾಡುವ ಪಾತ್ರದ ದನಿಗೂ ಹೀಗೇ ಆಗುತ್ತದೆ. ಅದಕ್ಕೇ ಮೂರೂ ಒಂದೇ ಸರಣಿಯವು ಇರಲಿ ಅನ್ನುವುದು. ಕಂಪನಿ ಒಂದೇ ಆದರೆ ಸಾಲದು, ಸರಣಿಯೂ ಒಂದೇ ಇರಬೇಕು. ಒಂದೇ ಕಂಪನಿಯ ಎರಡು ಸರಣಿಗಳಲ್ಲಿ ತಾರಕ ಸ್ವರ ನುಡಿಸುವ ಟ್ವೀಟರೇ ಬೇರೆ ಇರಬಹುದು.

ನಿಮ್ಮ ಎಡ-ಬಲ ಹಳೆಯವು, ಆ ಸರಣಿ ನಿಂತುಹೋಗಿದೆ ಅಂದರೆ? ಅದೇ ಸರಣಿಯ ಬಳಸಿದ ಸೆಂಟರ್ ಸಿಕ್ಕರೆ ಮೊದಲ ಆಯ್ಕೆ ಅದು. ಸಿಗದಿದ್ದರೆ ಶಬ್ದದಲ್ಲಿ ಹತ್ತಿರ ಬರುವ, ಯಾವ ಕಡೆಗೂ ಬಣ್ಣ ಹಚ್ಚದ ಸೆಂಟರ್ ನೋಡಿ. ರಿಸೀವರಿನ ರೂಮ್ ಕರೆಕ್ಷನ್ (ಮೈಕಿನಲ್ಲಿ ಕೋಣೆಯ ಶಬ್ದ ಅಳೆದು ತಿದ್ದುವ ವ್ಯವಸ್ಥೆ) ಸ್ವಲ್ಪ ಮಟ್ಟಿಗೆ ಅಂತರ ಮುಚ್ಚುತ್ತದೆ. ಆದರೆ ಎರಡು ಸ್ಪೀಕರ್ ಪಕ್ಕಕ್ಕೆ ಶಬ್ದ ಚೆಲ್ಲುವ ರೀತಿಯೇ ಬೇರೆ ಇದ್ದರೆ ಅದನ್ನು ಯಾವ ಸಾಫ್ಟ್‌ವೇರೂ ತಿದ್ದಲಾರದು.

## ಆರಿಸುವಾಗ

ಎರಡು ವೂಫರ್ ಇರೋ ಉದ್ದನೆಯ ಸೆಂಟರ್ ಒಂದು ವೂಫರ್ ಇರೋದಕ್ಕಿಂತ ಒಳ್ಳೇದೇ ಅಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ನಡುವೆ ಟ್ವೀಟರ್, ಆಚೆ-ಈಚೆ ತಗ್ಗು ಮತ್ತು ನಡು ಸ್ವರ ನುಡಿಸುವ ಒಂದೊಂದು ವೂಫರ್, ಟಿವಿ ಕೆಳಗೆ ಅಚ್ಚುಕಟ್ಟಾಗಿ ಕೂರುವ ಅಗಲ. ಅಂಗಡಿಯಲ್ಲಿ ಎದುರಿಗೇ ನಿಂತು ಕೇಳಿದೆ, ಮನೆಗೆ ತಂದೆ. ಸೋಫಾದ ನಡುವೆ ನನ್ನ ಜಾಗ, ಬಲತುದಿಯಲ್ಲಿ ಅಮ್ಮನ ಜಾಗ. ಪ್ರತಿ ಹತ್ತು ನಿಮಿಷಕ್ಕೊಮ್ಮೆ ಅಮ್ಮ "ಏನಂದ ಅವನು?" ಅಂತ ಕೇಳುತ್ತಿದ್ದರು. ವಯಸ್ಸಾಯಿತು, ಕಿವಿ ಮಂದ ಆಗಿರಬೇಕು ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಒಂದು ದಿನ ಅಮ್ಮ ಊಟಕ್ಕೆ ಎದ್ದಾಗ ಅವರ ಜಾಗದಲ್ಲಿ ಕೂತೆ. ಮಾತು ಕಂಬಳಿ ಹೊದಿಸಿದ ಹಾಗೆ ಕೇಳುತ್ತಿತ್ತು. ಅಮ್ಮನ ಕಿವಿ ಸರಿಯಾಗಿಯೇ ಇತ್ತು. ಅಷ್ಟು ತಿಂಗಳು ಅವರು ಅರ್ಧ ಸಿನಿಮಾ ಕೇಳಿಸಿಕೊಂಡಿದ್ದರು ಅನ್ನುವುದು ಈಗಲೂ ನನಗೆ ನೋವು.

ಕಾರಣ ಸರಳವಾದ ಲೆಕ್ಕ. ಎರಡು ವೂಫರುಗಳ ನಡುಬಿಂದುಗಳ ಅಂತರ 40 ಸೆಂ.ಮೀ. ಅಂತಿಟ್ಟುಕೊಳ್ಳಿ. ನೀವು 3 ಮೀಟರ್ ದೂರದಲ್ಲಿ, ನಡುವಿನಿಂದ ಸುಮಾರು 1 ಮೀಟರ್ ಪಕ್ಕಕ್ಕೆ ಕೂತಿದ್ದೀರಿ. ಅಂದರೆ ಹೆಚ್ಚುಕಡಿಮೆ 20 ಡಿಗ್ರಿ ಓರೆ. ಆಗ ಒಂದು ವೂಫರ್ ಇನ್ನೊಂದಕ್ಕಿಂತ ಸುಮಾರು 13-14 ಸೆಂ.ಮೀ. ಹತ್ತಿರ ಇರುತ್ತದೆ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. 1,250 ಹರ್ಟ್ಜ್ ಅಲೆಯ ಉದ್ದ ಸುಮಾರು 27 ಸೆಂ.ಮೀ., ಅದರ ಅರ್ಧ ಸರಿಯಾಗಿ ಇದೇ ಅಂತರ. ಒಂದು ವೂಫರಿನ ಅಲೆ ಏರುವಾಗ ಇನ್ನೊಂದರದು ಇಳಿಯುತ್ತದೆ, ಎರಡೂ ಒಂದನ್ನೊಂದು ಅಳಿಸುತ್ತವೆ. ಇಂಥ ಸ್ಪೀಕರುಗಳಲ್ಲಿ ಟ್ವೀಟರ್ ಕೆಲಸ ಶುರುಮಾಡುವುದು ಸಾಮಾನ್ಯವಾಗಿ 2,000ದಿಂದ 3,000 ಹರ್ಟ್ಜ್ ನಡುವೆ. ಹಾಗಾಗಿ 1,250ರಲ್ಲಿ ದುಡಿಯುತ್ತಿರುವುದು ಎರಡೂ ವೂಫರುಗಳೇ. ಗೋಡೆಯಿಂದ ಮರಳಿ ಬರುವ ಶಬ್ದ ಆ ಗುಂಡಿಯನ್ನು ಸ್ವಲ್ಪ ತುಂಬುತ್ತದೆ, ಪೂರ್ತಿ ತುಂಬಲ್ಲ.

ಅದೇ ಸ್ಪೀಕರನ್ನು ಎದ್ದು ನಿಲ್ಲಿಸಿದರೆ ಈ ತೊಂದರೆ ಮೇಲೆ-ಕೆಳಗಿನ ದಿಕ್ಕಿಗೆ ತಿರುಗುತ್ತದೆ. ಸೋಫಾದಲ್ಲಿ ಎಲ್ಲರ ಕಿವಿಯೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುವುದರಿಂದ ಯಾರಿಗೂ ಗೊತ್ತಾಗಲ್ಲ. ಟಿವಿ ಕೆಳಗೆ ಕೂರಲಿ ಅಂತ ಅಡ್ಡ ಮಲಗಿಸುವುದೇ ಈ ಎಡವಟ್ಟಿನ ಮೂಲ.

ಎಲ್ಲರೂ 10 ಡಿಗ್ರಿಯೊಳಗೇ ಕೂರುವ ಚಿಕ್ಕ ಕೋಣೆಯಾದರೆ ಚಿಂತೆ ಇಲ್ಲ. ಇದ್ದದ್ದನ್ನೇ ಬಳಸಿ.

ಹಾಗಾದ್ರೆ ಯಾವ ಥರದ್ದು ತಗೊಳ್ಳಲಿ?

ಅಡ್ಡ ಇಡಲೇಬೇಕು ಅಂದರೆ ತ್ರೀ-ವೇ, ಅಂದರೆ ಸ್ವರಗಳನ್ನು ಮೂರು ಪಾಲು ಮಾಡಿ ನುಡಿಸುವ ಸೆಂಟರ್ ನೋಡಿ. ಅದರಲ್ಲಿ ಟ್ವೀಟರ್ ಮೇಲೆ, ಅದರ ಕೆಳಗೇ ಒಂದು ಚಿಕ್ಕ ಮಿಡ್‌ರೇಂಜ್, ಎರಡೂ ಪಕ್ಕ ವೂಫರ್ ಇರುತ್ತವೆ. ಮಾತಿನ ಮುಖ್ಯ ಭಾಗವನ್ನು ಆ ಒಂದೇ ಮಿಡ್‌ರೇಂಜ್ ನುಡಿಸುತ್ತದೆ. ವೂಫರುಗಳು 400-500 ಹರ್ಟ್ಜ್ ಹತ್ತಿರ ಕೈಬಿಡುತ್ತವೆ. ಅಲ್ಲಿ ಅಲೆಯೇ 70 ಸೆಂ.ಮೀ. ಉದ್ದ ಇರುವುದರಿಂದ 14 ಸೆಂ.ಮೀ. ವ್ಯತ್ಯಾಸ ಅಷ್ಟೇನೂ ಕೆಡಿಸಲ್ಲ.

ಇನ್ನೊಂದು ದಾರಿ ಕೊಆಕ್ಸಿಯಲ್: ಟ್ವೀಟರ್ ಮಿಡ್‌ರೇಂಜಿನ ನಡುವೆಯೇ ಕೂತಿರುತ್ತದೆ. ಕೆಇಎಫ್ ಕಂಪನಿ 1988ರಲ್ಲಿ ತಂದ ಯೂನಿ-ಕ್ಯೂ ಈ ಬಗೆಯದು. ಮಾತೆಲ್ಲ ಒಂದೇ ಬಿಂದುವಿನಿಂದ ಹೊರಡುವುದರಿಂದ ಎಡ, ಬಲ, ಮೇಲೆ, ಕೆಳಗೆ ಎಲ್ಲ ಕಡೆಯೂ ಹದ ಒಂದೇ. ಆದರೆ ಪಕ್ಕದಲ್ಲಿ ಬೇರೆ ವೂಫರ್ ಇದ್ದರೆ ಅದು ಎಲ್ಲಿಯವರೆಗೆ ನುಡಿಯುತ್ತದೆ ಅಂತ ವಿವರಪಟ್ಟಿಯಲ್ಲಿ ನೋಡಿಕೊಳ್ಳಿ.

ಟೂ-ಅಂಡ್-ಹಾಫ್-ವೇ ಅನ್ನುವ ನಡುದಾರಿಯೂ ಉಂಟು. ಎರಡರಲ್ಲಿ ಒಂದು ವೂಫರ್ ತಗ್ಗು ಸ್ವರ ಮಾತ್ರ ನುಡಿಸಿ ಸುಮ್ಮನಾಗುತ್ತದೆ. ಟ್ವೀಟರ್, ವೂಫರ್ ಮಾತ್ರ ಇರುವ ಟೂ-ವೇಯನ್ನು ಅಡ್ಡ ಮಲಗಿಸಿದ್ದಕ್ಕಿಂತ ಮೇಲು, ತ್ರೀ-ವೇಗಿಂತ ಕೆಳಗೆ.

ಎಡ-ಬಲದಲ್ಲಿರೋ ಬುಕ್‌ಶೆಲ್ಫ್ (ಚಿಕ್ಕ ಪೆಟ್ಟಿಗೆಯ) ಸ್ಪೀಕರ್ ಥರದ್ದೇ ಇನ್ನೊಂದು ತಂದು ನಡುವೆ ಇಟ್ಟರೆ?

ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ, ಜಾಗ ಇದ್ದರೆ. ಮೂರೂ ಒಂದೇ ಸ್ಪೀಕರ್, ಮೂರೂ ನೆಟ್ಟಗೆ. ದನಿಯ ಬಣ್ಣ ಕೂಡುತ್ತದಾ ಅನ್ನುವ ಪ್ರಶ್ನೆಯೇ ಹುಟ್ಟಲ್ಲ. ಟಿವಿಯನ್ನು ಗೋಡೆಗೆ ಹಾಕಿದ್ದರೆ ಕೆಳಗೆ 30-35 ಸೆಂ.ಮೀ. ಎತ್ತರದ ಪೆಟ್ಟಿಗೆ ನಿಲ್ಲುತ್ತದಾ ಅಂತ ಟೇಪ್ ಹಿಡಿದು ನೋಡಿ. ಬಹಳ ಜನ ಅಳೆಯದೇ "ಆಗಲ್ಲ" ಅಂತಾರೆ. ಜೋಡಿಯಾಗಿ ಮಾತ್ರ ಮಾರುತ್ತಾರೆ ಅಂದರೆ ಒಂಟಿ ಕೊಡುತ್ತೀರಾ ಅಂತ ಕೇಳಿ. ಕೆಲವು ಕಂಪನಿಗಳು ಕೊಡುತ್ತವೆ.

ಅದನ್ನೇ ಅಡ್ಡ ಮಲಗಿಸುವುದು ಮಾತ್ರ ಬೇಡ. ಟ್ವೀಟರೂ ವೂಫರೂ ಪಕ್ಕಪಕ್ಕ ಬಂದು, ಎರಡೂ ಕೈಗೂಡುವ ಸ್ವರಗಳಲ್ಲಿ ಸೋಫಾದ ಒಂದು ತುದಿಗೆ ಒಂದು ಥರ, ಇನ್ನೊಂದು ತುದಿಗೆ ಇನ್ನೊಂದು ಥರ ಕೇಳುತ್ತದೆ.

ಸೆನ್ಸಿಟಿವಿಟಿ, ಓಮ್, ವ್ಯಾಟ್: ಇದರಲ್ಲಿ ಯಾವುದನ್ನು ನೋಡಬೇಕು?

ಪೆಟ್ಟಿಗೆಯ ಮೇಲಿನ ವ್ಯಾಟ್ ಸಂಖ್ಯೆಯನ್ನು ಬದಿಗಿಡಿ. ಸೆನ್ಸಿಟಿವಿಟಿ ನೋಡಿ. 2.83 ವೋಲ್ಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಅನ್ನುವುದು ಅದು. 3 ಡೆಸಿಬೆಲ್ ಕಡಿಮೆ ಇದ್ದರೆ ಅಷ್ಟೇ ಶಬ್ದಕ್ಕೆ ಎರಡು ಪಟ್ಟು ಪವರ್ ಬೇಕು. ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ. ಇಲ್ಲೊಂದು ಕಣ್ಕಟ್ಟು ಗೊತ್ತಿರಲಿ: 2.83 ವೋಲ್ಟ್ ಅಂದರೆ 8 ಓಮ್ ಸ್ಪೀಕರಿನಲ್ಲಿ 1 ವ್ಯಾಟ್, 4 ಓಮ್ ಸ್ಪೀಕರಿನಲ್ಲಿ 2 ವ್ಯಾಟ್. ಹಾಗಾಗಿ 4 ಓಮ್ ಸ್ಪೀಕರಿನ 89 ಡೆಸಿಬೆಲ್ ಬರುವುದು 8 ಓಮ್‌ನ 89ಕ್ಕಿಂತ ಎರಡು ಪಟ್ಟು ಪವರ್ ತಿಂದು.

87 ಡೆಸಿಬೆಲ್‌ನ ಸೆಂಟರ್, 3 ಮೀಟರ್ ದೂರ, 100 ವ್ಯಾಟ್ ಅಂದುಕೊಳ್ಳಿ. ದೂರಕ್ಕೆ 9.5 ಕಳೆಯಿರಿ, ಪವರ್‌ಗೆ 20 ಕೂಡಿ. ಗೋಡೆಗಳ ಸಹಾಯ ಬಿಟ್ಟೇ ಸುಮಾರು 97 ಡೆಸಿಬೆಲ್ ಬರುತ್ತದೆ. ಚಿತ್ರಮಂದಿರದ ರೆಫರೆನ್ಸ್ ಮಟ್ಟದಲ್ಲಿ ಒಂದು ಚಾನೆಲ್ 105ರ ತನಕ ಹೋಗಬಹುದು, ಆದರೆ ಮನೆಯಲ್ಲಿ ಬಹುತೇಕ ಜನ ಅದಕ್ಕಿಂತ ತುಂಬಾ ಕೆಳಗೆ ಕೇಳುತ್ತಾರೆ. ಸಾಧಾರಣ ಕೋಣೆಗೆ ಧಾರಾಳ. ರಿಸೀವರ್ 4 ಓಮ್‌ಗೆ ಒಪ್ಪುತ್ತದಾ ಅಂತ ಅದರ ಕೈಪಿಡಿಯಲ್ಲಿ ಒಮ್ಮೆ ನೋಡಿ.

ಅಂಗಡಿಯಲ್ಲಿ ಕೇಳುವಾಗ ಏನನ್ನು ಗಮನಿಸಲಿ?

ಗುಂಡಿನ ಕಾಳಗ ಹಾಕಿ ತೋರಿಸುತ್ತೇವೆ ಅಂದರೆ ಬೇಡ ಅನ್ನಿ. ಸುದ್ದಿ ಓದುವವರ ದನಿ, ಪಿಸುಮಾತು ಇರುವ ದೃಶ್ಯ, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಗಂಡು ದನಿ, ಒಂದು ಹೆಣ್ಣು ದನಿ ಹಾಕಿಸಿ. ಸೆಂಟರ್ ಒಂದನ್ನೇ ನುಡಿಸಲು ಹೇಳಿ. ಎದುರಿಗೆ ಕೇಳಿ, ಆಮೇಲೆ ನಿಧಾನ ಪಕ್ಕಕ್ಕೆ ನಡೆಯಿರಿ. ಒಂದು ಹೆಜ್ಜೆ, ಎರಡು ಹೆಜ್ಜೆ. "ಸ", "ಶ", "ತ", "ಪ" ಅಕ್ಷರಗಳ ಅಂಚು ಮೊಂಡಾಗುತ್ತಿದೆಯಾ? ದನಿ ಟೊಳ್ಳಾಗುತ್ತಿದೆಯಾ? ಆ ಎರಡು ಹೆಜ್ಜೆಗಳಲ್ಲಿ ಗೊತ್ತಾಗುವುದು ಅರ್ಧ ಗಂಟೆ ಎದುರಿಗೆ ಕೂತರೂ ಗೊತ್ತಾಗಲ್ಲ.

ಪಿಂಕ್ ನಾಯ್ಸ್ ಸಿಕ್ಕರೆ ಇನ್ನೂ ಒಳ್ಳೆಯದು. ಮಳೆ ಸುರಿದ ಹಾಗೆ ಒಂದೇ ಸಮನೆ ಕೇಳುವ ಶಬ್ದ ಅದು. ಪಕ್ಕಕ್ಕೆ ಸರಿದಾಗ ಅದರ ಬಣ್ಣ ಬದಲಾದರೆ ಮಾತಿನ ಬಣ್ಣವೂ ಬದಲಾಗುತ್ತದೆ.

## ಮನೆಗೆ ತಂದ ಮೇಲೆ

ಟಿವಿ ಕೆಳಗಾ, ಮೇಲಾ?

ಟ್ವೀಟರ್ ಕಿವಿಯ ಎತ್ತರಕ್ಕೆ ಎಷ್ಟು ಹತ್ತಿರ ಬರುತ್ತದೋ ಅಷ್ಟು ಚೆನ್ನ. ಹೆಚ್ಚಿನ ಮನೆಗಳಲ್ಲಿ ಕೆಳಗೇ ಹತ್ತಿರ. ಎಲ್ಲಿಟ್ಟರೂ ಮುಖ ಕಿವಿಯ ಕಡೆ ಓರೆಯಾಗಲಿ. ಟಿವಿ ಕೆಳಗಿದ್ದರೆ ಮುಂದಿನ ಅಂಚಿನ ಕೆಳಗೆ, ಮೇಲಿದ್ದರೆ ಹಿಂದಿನ ಅಂಚಿನ ಕೆಳಗೆ ಎರಡು ರಬ್ಬರ್ ತುಂಡು ಕೊಟ್ಟರೆ ಸಾಕು. ಕತ್ತಲಲ್ಲಿ ನಿಮ್ಮ ಜಾಗದಲ್ಲಿ ಕೂತು ಸ್ಪೀಕರಿನ ಮೇಲೆ ಟಾರ್ಚ್ ಬಿಟ್ಟು ನೋಡಿ, ಮುಖ ನೆಟ್ಟಗೆ ಕಾಣಬೇಕು.

ಸ್ಟ್ಯಾಂಡಿನ ಗೂಡಿನಲ್ಲಿಟ್ಟಿದ್ದೇನೆ, ಮಾತು ಡಬ್ಬದೊಳಗಿಂದ ಬಂದ ಹಾಗಿದೆ. ಏನ್ ಮಾಡ್ಲಿ?

ಮೊದಲು ಮುಂದಕ್ಕೆ ಎಳೆಯಿರಿ. ಸ್ಪೀಕರಿನ ಮುಖ ಗೂಡಿನ ಅಂಚಿಗೆ ಸಮ ಬರಬೇಕು, ಒಂದು ಬೆರಳು ಹೊರಗೇ ಇದ್ದರೂ ಸರಿ. ಒಳಗೆ ತಳ್ಳಿದರೆ ಮುಂದಿರುವ ಹಲಗೆಗೆ ಶಬ್ದ ಬಡಿದು ತಡವಾಗಿ ಕಿವಿಗೆ ಬರುತ್ತದೆ. ಆಮೇಲೆ ಮಾತು ನಡೆಯುತ್ತಿರುವಾಗ ಹಲಗೆಯ ಮೇಲೆ ಬೆರಳ ತುದಿ ಇಟ್ಟು ನೋಡಿ. ಗಂಡು ದನಿ ಬಂದಾಗಲೆಲ್ಲ ಜುಮ್ಮೆನ್ನುತ್ತಿದ್ದರೆ ಹಲಗೆಯೂ ಹಾಡುತ್ತಿದೆ ಅಂತ ಅರ್ಥ. ಸ್ಪೀಕರಿನ ಕೆಳಗೆ ಮೆತ್ತನೆಯ ರಬ್ಬರ್ ಅಥವಾ ದಟ್ಟ ಫೋಮ್ ಹಾಕಿ.

ಹಿಂದೆ ಗಾಳಿ ಕಂಡಿ ಇರುವ ಸ್ಪೀಕರ್ ಮುಚ್ಚಿದ ಗೂಡಿನಲ್ಲಿ ಗುಯ್ಗುಡುತ್ತದೆ. ಕಂಡಿಗೆ ಫೋಮ್ ಬಿರಡೆ ಹಾಕಿ, ಸುತ್ತಲ ಖಾಲಿ ಜಾಗಕ್ಕೆ ಫೋಮ್ ತುಂಬಿ. ರಿಸೀವರೂ ಅದೇ ಗೂಡಿನಲ್ಲಿದ್ದರೆ ಅದರ ಸುತ್ತ ಏನೂ ತುಂಬಬೇಡಿ, ಅದಕ್ಕೆ ಗಾಳಿ ಬೇಕು. ಇಷ್ಟಾದರೂ ದನಿ ದಪ್ಪ ಅನ್ನಿಸಿದರೆ ಈಕ್ವಲೈಸರಿನಲ್ಲಿ 100-250 ಹರ್ಟ್ಜ್ ಸುತ್ತ ಎರಡು-ಮೂರು ಡೆಸಿಬೆಲ್ ಇಳಿಸಿ.

ಪ್ರೊಜೆಕ್ಟರ್ ಇದೆ. ಪರದೆಯ ಹಿಂದೆ ಇಡಬಹುದಾ?

ಶಬ್ದ ದಾಟುವಂಥ ಪರದೆಯಾದರೆ ಖಂಡಿತ ಇಡಿ. ಸಣ್ಣ ತೂತುಗಳದ್ದು, ನೇಯ್ಗೆಯದ್ದು ಅಂತ ಎರಡು ಬಗೆ. ಮೂರೂ ಸ್ಪೀಕರ್ ಒಂದೇ ಎತ್ತರಕ್ಕೆ ಬರುತ್ತವೆ, ಮಾತು ಬಾಯಿಂದಲೇ ಬರುತ್ತದೆ. ತಾರಕ ಸ್ವರ ಸ್ವಲ್ಪ ಕುಗ್ಗುತ್ತದೆ, ರೂಮ್ ಕರೆಕ್ಷನ್ ಅದನ್ನು ಸರಿದೂಗಿಸುತ್ತದೆ. ಮಾಮೂಲಿ ಪರದೆಯ ಹಿಂದೆ ಮಾತ್ರ ಬೇಡ.

ಸೆಂಟರ್ ಹಾಕಿದೆ, ಅದರಿಂದ ಶಬ್ದವೇ ಬರ್ತಿಲ್ಲ!

ಗಾಬರಿ ಬೇಡ. ಟಿವಿಯಿಂದ ರಿಸೀವರಿಗೆ ಎರಡೇ ಚಾನೆಲ್ ಬರುತ್ತಿರಬಹುದು. ಟಿವಿಯ ಆಡಿಯೋ ಸೆಟ್ಟಿಂಗ್‌ನಲ್ಲಿ ಪಿಸಿಎಂ ಇದ್ದರೆ ಬಿಟ್‌ಸ್ಟ್ರೀಮ್ ಅಥವಾ ಆಟೋಗೆ ಬದಲಿಸಿ. ಮೂಲವೇ ಸ್ಟೀರಿಯೋ ಆದರೆ ರಿಸೀವರಿನಲ್ಲಿ ಡಾಲ್ಬಿ ಸರೌಂಡ್ ಅಥವಾ ಡಿಟಿಎಸ್ ನ್ಯೂರಲ್:ಎಕ್ಸ್ ಹಾಕಿ, ಮಾತನ್ನು ಹೆಕ್ಕಿ ನಡುವೆ ತರುತ್ತದೆ.

ಮಾತು ಕೇಳಿಸಲಿ ಅಂತ ಏರಿಸ್ತೀನಿ, ಬಾಂಬ್ ಸಿಡಿದ ತಕ್ಷಣ ಓಡಿ ಇಳಿಸ್ತೀನಿ. ಸೆಂಟರ್ ಬದಲಾಯಿಸ್ಬೇಕಾ?

ಇನ್ನೂ ಬೇಡ. ಸಿನಿಮಾದ ಶಬ್ದವನ್ನು ದೊಡ್ಡ ಸಭಾಂಗಣಕ್ಕೆ ಅಂತ ಹದ ಮಾಡಿರುತ್ತಾರೆ. ಪಿಸುಮಾತಿಗೂ ಸ್ಫೋಟಕ್ಕೂ ಅಜಗಜಾಂತರ. ರಿಸೀವರಿನ ನೈಟ್ ಮೋಡ್ ಅಥವಾ ಡೈನಾಮಿಕ್ ರೇಂಜ್ ಆಯ್ಕೆ ಆ ಅಂತರ ಕುಗ್ಗಿಸುತ್ತದೆ. ಸೆಂಟರ್ ಮಟ್ಟವನ್ನು 2-3 ಡೆಸಿಬೆಲ್ ಏರಿಸಿ. ಅದಕ್ಕಿಂತ ಜಾಸ್ತಿ ಏರಿಸಬೇಕಾಗಿ ಬಂದರೆ ಬೇರೇನೋ ತಪ್ಪಿದೆ.

ಕೋಣೆಯನ್ನೂ ನೋಡಿ. ಬರಿ ನೆಲ, ಬರಿ ಗೋಡೆ, ಗಾಜಿನ ಟೀಪಾಯಿ ಇದ್ದರೆ ಒಂದು ಅಕ್ಷರದ ಮಾರ್ದನಿ ಅಡಗುವ ಮೊದಲೇ ಇನ್ನೊಂದು ಅಕ್ಷರ ಅದರ ಮೇಲೆ ಬೀಳುತ್ತದೆ. ನೆಲಕ್ಕೊಂದು ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ ಹಾಕಿ ಕೇಳಿ. ಟೀಪಾಯಿ ಸರಿಸಿ ಕೇಳಿ. ಹಿಂದಿನ ತಂತಿಯ ಪ್ಲಸ್-ಮೈನಸ್ ಅದಲುಬದಲಾಗಿಲ್ಲ ತಾನೇ?

ಸ್ಮಾಲಾ, ಲಾರ್ಜಾ? ಕ್ರಾಸ್‌ಓವರ್ ಎಷ್ಟಿಡಲಿ?

ಸಬ್‌ವೂಫರ್ ಇದ್ದರೆ ಸ್ಮಾಲ್, 80 ಹರ್ಟ್ಜ್. ಸ್ಮಾಲ್ ಅಂದರೆ ಸೆಂಟರಿನ ತಗ್ಗು ಸ್ವರ ಸಬ್‌ವೂಫರಿಗೆ ಹೋಗಲಿ ಅಂತ, ಕ್ರಾಸ್‌ಓವರ್ ಅಂದರೆ ಆ ಗಡಿ. ಸಿನಿಮಾ ಶಬ್ದಕ್ಕೆ ಮಾನದಂಡ ಹಾಕುವ ಟಿಎಚ್‌ಎಕ್ಸ್ ಸಂಸ್ಥೆ ಹೇಳುವುದೂ ಇದನ್ನೇ. ತೀರಾ ಚಿಕ್ಕ ಸೆಂಟರ್ ಆದರೆ 100, 120ರ ತನಕ ಏರಿಸಿ. ಗಂಡು ದನಿಯ ಮೂಲಸ್ವರ ಸುಮಾರು 85 ಹರ್ಟ್ಜ್‌ನಿಂದಲೇ ಶುರು. ಕ್ರಾಸ್‌ಓವರ್ ತುಂಬಾ ಮೇಲೆ ಹೋದರೆ ದನಿಯ ಎದೆಭಾಗ ಕೋಣೆಯ ಮೂಲೆಯ ಸಬ್‌ವೂಫರಿನಿಂದ ಬರತೊಡಗುತ್ತದೆ. ಅದಕ್ಕೇ 80-90ರ ತನಕ ತಾನೇ ಇಳಿಯುವ ಸೆಂಟರ್ ಆರಿಸಿಕೊಳ್ಳುವುದು ಒಳ್ಳೆಯದು. ಅದಕ್ಕಿಂತ ಕೆಳಗಿನ ಬಾಸ್‌ಗಾಗಿ ದೊಡ್ಡ ಪೆಟ್ಟಿಗೆಗೆ ದುಡ್ಡು ಸುರಿಯಬೇಡಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ಅಳತೆಯ ಗ್ರಾಫ್‌ಗಳು ಸಿಗುತ್ತವೆ. ಸೆಂಟರಿಗೆ ಯಾವುದನ್ನು ಓದಬೇಕು?

ಸ್ಪಿನೋರಾಮಾ ಅನ್ನುವ ಗ್ರಾಫ್ ಹುಡುಕಿ. ಶಬ್ದ ಸಂಶೋಧಕ ಫ್ಲಾಯ್ಡ್ ಟೂಲ್ ಮೊದಲು ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ, ಆಮೇಲೆ ಸ್ಪೀಕರ್ ಕಂಪನಿ ಹರ್ಮನ್‌ನಲ್ಲಿ ಮಾಡಿದ ಕೆಲಸದಿಂದ ಬೆಳೆದದ್ದು ಅದು. ಈಗ ಸಿಟಿಎ-2034 ಅನ್ನುವ ಮಾನದಂಡ. ಸ್ಪೀಕರಿನ ಸುತ್ತ ಅಡ್ಡಕ್ಕೂ ಉದ್ದಕ್ಕೂ 10 ಡಿಗ್ರಿಗೊಂದರಂತೆ 70 ಅಳತೆ ತೆಗೆದು ಕೆಲವೇ ಗೆರೆಗಳಿಗೆ ಇಳಿಸುತ್ತಾರೆ.

ಸೆಂಟರಿಗೆ ನಾನು ಮೊದಲು ನೋಡುವುದು ಅಡ್ಡ ದಿಕ್ಕಿನ ಬಿಡಿ ಗೆರೆಗಳನ್ನು: 0, 10, 20, 30 ಡಿಗ್ರಿ. ನಿಮ್ಮ ಸೋಫಾದ ತುದಿ ಎಷ್ಟು ಡಿಗ್ರಿ ಅಂತ ಮೊದಲೇ ಲೆಕ್ಕ ಹಾಕಿ. ನಡುವಿನಿಂದ ಪಕ್ಕಕ್ಕಿರುವ ದೂರವನ್ನು, ನಡುಜಾಗದಿಂದ ಸ್ಪೀಕರಿನವರೆಗಿನ ನೇರ ದೂರದಿಂದ ಭಾಗಿಸಿದರೆ 0.36 ಬಂತಾ? ಅದು 20 ಡಿಗ್ರಿ. 0.58 ಬಂದರೆ 30. ಆ ಗೆರೆ 500ರಿಂದ 4,000 ಹರ್ಟ್ಜ್ ನಡುವೆ 0 ಡಿಗ್ರಿಯ ಗೆರೆಯ ಜೊತೆ ಹೆಜ್ಜೆ ಹಾಕುತ್ತಾ ನಯವಾಗಿ ಇಳಿದರೆ ಧೈರ್ಯವಾಗಿ ಕೊಳ್ಳಿ. 1,000ದ ಆಸುಪಾಸು ದೊಡ್ಡ ಗುಂಡಿ ಕಂಡರೆ ಕೈಬಿಡಿ, ಬೆಲೆ ಎಷ್ಟೇ ಆಕರ್ಷಕವಾಗಿರಲಿ.

ಅಗಲ ಪರದೆಗೆ ಎರಡು ಸೆಂಟರ್ ಪಕ್ಕಪಕ್ಕ ಇಟ್ಟರೆ?

ಮೇಲೆ ಹೇಳಿದ ಎರಡು ವೂಫರಿನ ತೊಂದರೆ ಇನ್ನೂ ದೊಡ್ಡದಾಗಿ ಬರುತ್ತದೆ. ಅಂತರ ಜಾಸ್ತಿ ಆದಷ್ಟೂ ಅಳಿಸುವ ಸ್ವರಗಳು ಜಾಸ್ತಿ. ಒಂದೇ ಒಳ್ಳೆಯದನ್ನು ತಗೊಳ್ಳಿ.

ರಿಸೀವರಿನಲ್ಲಿ ಸ್ಪೀಕರುಗಳ ದೂರ ತುಂಬುವ ಸೆಟ್ಟಿಂಗ್‌ನಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಗೊತ್ತಾಗುತ್ತಾ?

ಶಬ್ದ 1 ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಸಾಗುತ್ತದೆ. ಒಂದೆರಡು ಸೆಂ.ಮೀ. ತಪ್ಪಿದರೆ ಚಿಂತೆ ಇಲ್ಲ. ಅರ್ಧ ಮೀಟರ್ ತಪ್ಪಿದರೆ ಮೂರೂ ಸ್ಪೀಕರಿನಲ್ಲಿ ಒಟ್ಟಿಗೆ ಬರುವ ಹಿನ್ನೆಲೆ ಸಂಗೀತ ಮಬ್ಬಾಗುತ್ತದೆ. ರೂಮ್ ಕರೆಕ್ಷನ್ ಮುಗಿದ ಮೇಲೆ ಟೇಪಿನಲ್ಲಿ ಒಮ್ಮೆ ಹೋಲಿಸಿ ನೋಡಿ. ಸಬ್‌ವೂಫರಿನ ದೂರ ಮಾತ್ರ ನಿಜಕ್ಕಿಂತ ಜಾಸ್ತಿ ತೋರಿಸಬಹುದು, ಅದನ್ನು ಮುಟ್ಟಬೇಡಿ.

ನನ್ನ ಹಳೇ ಸೆಂಟರ್ ಬದಲಾಯಿಸುವ ಹೊತ್ತು ಬಂತಾ ಅಂತ ತಿಳಿಯೋದು ಹೇಗೆ?

ರಿಸೀವರಿನಲ್ಲಿ "ಸೆಂಟರ್ ಇಲ್ಲ" ಅಂತ ಮಾಡಿ, ನಡುವೆ ಕೂತು ಒಂದು ಮಾತಿನ ದೃಶ್ಯ ನೋಡಿ. ಮತ್ತೆ ಸೆಂಟರ್ ಹಾಕಿ ಅದೇ ದೃಶ್ಯ ನೋಡಿ. ಇಲ್ಲದಾಗಲೇ ದನಿ ಸಹಜವಾಗಿ ಕೇಳಿದರೆ ನಿಮ್ಮ ಸೆಂಟರ್ ಎಡ-ಬಲಕ್ಕಿಂತ ಕೆಳಮಟ್ಟದ್ದು, ಅಥವಾ ಇಟ್ಟ ಜಾಗ ಸರಿಯಿಲ್ಲ. ಒಂದು ಸ್ಟೂಲಿನ ಮೇಲೆ ಹೊರಗಿಟ್ಟು ಮೂರನೇ ಸಲ ಕೇಳಿ, ಜಾಗದ ತಪ್ಪೋ ಸ್ಪೀಕರಿನ ತಪ್ಪೋ ಗೊತ್ತಾಗುತ್ತದೆ. ಆಮೇಲೆ ಸೋಫಾದ ತುದಿಗೆ ಹೋಗಿ ಇದೆಲ್ಲವನ್ನೂ ಇನ್ನೊಮ್ಮೆ ಮಾಡಿ. ಅಲ್ಲಿ ದಿನಾ ಕೂರುವವರನ್ನೂ ಕರೆದು ಕೇಳಿಸಿ, ಅವರು ಹೇಳಿದ್ದನ್ನು ನಿಮ್ಮ ಕಿವಿಗಿಂತ ಹೆಚ್ಚು ನಂಬಿ.